ಎರಡು ನೇಮಕಪತ್ರಗಳು, ಒಂದು ಸಹಿ

ಮಗನಿಗೋ ಮಗಳಿಗೋ ಕೆಲಸ ಸಿಕ್ಕಿತೆಂಬ ಸುದ್ದಿ ಬಂದ ದಿನ ಮನೆಯೆಲ್ಲ ಹಬ್ಬವಾಗುತ್ತದೆ. ದೇವರ ಮುಂದೆ ದೀಪ ಹಚ್ಚುತ್ತಾರೆ; ನೆರೆಹೊರೆಗೆ ಸಕ್ಕರೆ ಹಂಚುತ್ತಾರೆ. ಆದರೆ ಒಂದೇ ವಾರದಲ್ಲಿ ಎರಡು ಕಡೆಯಿಂದ ನೇಮಕಪತ್ರ ಬಂದರೆ? ಸಂತೋಷ ಇಮ್ಮಡಿಯಾಗಬೇಕಾದುದು ನ್ಯಾಯ. ಬಹಳ ಮನೆಗಳಲ್ಲಿ ಆಗ ಚಿಂತೆ ಇಮ್ಮಡಿಯಾಗುವುದನ್ನು ನಾವು ಕಂಡಿದ್ದೇವೆ. ಅದರಲ್ಲಿಯೂ ಆ ಕೆಲಸ ಹಿರಿಯರಾರೂ ಮಾಡದಿದ್ದ, ಬಂಧುಬಳಗದಲ್ಲಿ ಕೇಳಿ ತಿಳಿಯಲು ಒಬ್ಬರೂ ಇಲ್ಲದ ಕೆಲಸವಾಗಿದ್ದರೆ ಹೇಳುವುದೇ ಬೇಡ.

ಶ್ರಾವಣ ಮಾಸದ ಒಂದು ಸಂಜೆ ನಮ್ಮ ಬಾಲ್ಯಸ್ನೇಹಿತರೊಬ್ಬರು ಪತ್ನಿ ಹಾಗೂ ಮಗಳೊಂದಿಗೆ ನಮ್ಮ ಮನೆಗೆ ಬಂದರು. ಗದಗ ಸೀಮೆಯ ಒಂದು ಹಳ್ಳಿಯವರು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಮಗಳು ಧಾರವಾಡದಲ್ಲಿ ಪಿ.ಯು.ಸಿ. ವಿಜ್ಞಾನ ಮುಗಿಸಿ, ವಿಮಾನ ಹಾರಿಸುವ ತರಬೇತಿ ಪಡೆದು, ವಾಣಿಜ್ಯ ವಿಮಾನಚಾಲಕರ ಪರವಾನಿಗೆ ಗಳಿಸಿದ್ದಳು. ಅದಕ್ಕಾಗಿ ತಂದೆಯ ನಿವೃತ್ತಿಯ ಹಣವೆಲ್ಲ ಹೋಗಿತ್ತು. ನಾಲ್ಕು ಎಕರೆ ಎರೆಹೊಲ ಬ್ಯಾಂಕಿಗೆ ಅಡವಾಗಿತ್ತು. ಪರವಾನಿಗೆ ಬಂದ ಮೇಲೆ ಎರಡು ವರ್ಷ ಕೆಲಸವಿಲ್ಲದೆ ಕಳೆದಿತ್ತು. ಈಗ ಒಂಬತ್ತು ದಿನಗಳ ಅಂತರದಲ್ಲಿ ಎರಡು ವಿಮಾನ ಸಂಸ್ಥೆಗಳು ಅವಳನ್ನು ಕರೆದಿದ್ದವು.

ಚಹಾ ಕುಡಿದ ಮೇಲೆ ಹುಡುಗಿ ಎರಡು ಪತ್ರಗಳನ್ನೂ ಮೇಜಿನ ಮೇಲಿಟ್ಟು ಹೇಳಿದಳು: “ಕಾಕಾ, ಒಂದರಾಗ ಪಗಾರ ಹೆಚ್ಚೈತಿ, ಊರು ದೂರ ಐತಿ. ಇನ್ನೊಂದರಾಗ ಊರು ಹತ್ರ ಐತಿ, ಪಗಾರ ಕಡಿಮಿ. ಅಪ್ಪಾರು ಒಂದು ಅಂತಾರ, ಅವ್ವ ಒಂದು ಅಂತಾಳ. ಸಹಿ ಮಾಡಾಕ ಆರು ದಿನ ಉಳದಾವ.”

ನಮಗೆ ವಿಮಾನ ಹಾರಿಸಲು ಬಾರದು. ಆದರೂ ಪತ್ರ ಓದಲು ಬರುತ್ತದೆ. ಆ ರಾತ್ರಿ ಎರಡೂ ಪತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಮುಂದಿನ ದಿನಗಳಲ್ಲಿ ತಿಳಿದವರನ್ನು ಕಂಡು ವಿಚಾರಿಸಿದೆವು. ಇಂದು ನಮ್ಮ ಹಳ್ಳಿ ಪಟ್ಟಣಗಳ ಎಷ್ಟೋ ಮಕ್ಕಳು ಈ ವೃತ್ತಿಯತ್ತ ಮುಖ ಮಾಡಿರುವುದರಿಂದ, ಆಗ ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಆಯ್ಕೆಯೇ ಇಲ್ಲದಿದ್ದ ಕಾಲ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಯ ಜುಹುವಿಗೆ ಅಂಚೆಚೀಲ ಹೊತ್ತ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ನಮ್ಮ ದೇಶದ ನಾಗರಿಕ ವಿಮಾನಯಾನದ ಕಥೆ ಅಲ್ಲಿಂದ ಬೆಳೆಯಿತು. 1953ರಲ್ಲಿ ಸರ್ಕಾರವು ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ, ದೇಶದೊಳಗಿನ ಹಾರಾಟಕ್ಕೆ ಒಂದು, ಹೊರದೇಶದ ಹಾರಾಟಕ್ಕೆ ಇನ್ನೊಂದು ಎಂದು ಎರಡು ನಿಗಮಗಳನ್ನು ರಚಿಸಿತು. ಮುಂದಿನ ನಾಲ್ಕು ದಶಕ ಪೈಲಟ್ ಆಗಬಯಸಿದವನಿಗೆ ಸರ್ಕಾರದ ಬಾಗಿಲಲ್ಲದೆ ಬೇರೆ ಬಾಗಿಲು ಇರಲಿಲ್ಲವೆಂದೇ ಹೇಳಬೇಕು. ಆ ಬಾಗಿಲು ತೆರೆದರೆ ಜೀವನಪರ್ಯಂತ ಚಿಂತೆಯಿಲ್ಲ. ತೆರೆಯದಿದ್ದರೆ ಬೇರೆ ದಾರಿಯಿಲ್ಲ.

1990ರ ದಶಕದ ಆರಂಭದಲ್ಲಿ ಖಾಸಗಿಯವರಿಗೆ ಅವಕಾಶ ದೊರೆಯಿತು. 1994ರಲ್ಲಿ ಹಳೆಯ ನಿಗಮಗಳ ಕಾಯ್ದೆಯೇ ರದ್ದಾಯಿತು. ಈಸ್ಟ್‌ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಜೆಟ್ ಏರ್‌ವೇಸ್ ಮುಂತಾದ ಹೆಸರುಗಳು ಆಕಾಶದಲ್ಲಿ ಕಾಣಿಸಿಕೊಂಡವು. ಇವುಗಳಲ್ಲಿ ಮೊದಲಿನ ಮೂರೂ ಆ ದಶಕ ಮುಗಿಯುವುದರೊಳಗೆ ನಿಂತುಹೋದವು. 2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿ, ಸಾಮಾನ್ಯ ಜನರೂ ವಿಮಾನ ಏರಬಹುದೆಂದು ತೋರಿಸಿಕೊಟ್ಟರು. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಕಿಂಗ್‌ಫಿಷರ್ ಕೂಡ 2012ರ ಅಕ್ಟೋಬರ್‌ನಲ್ಲಿ, ನೌಕರರ ಎಷ್ಟೋ ತಿಂಗಳ ಸಂಬಳ ಬಾಕಿಯಿರುವಾಗಲೇ ನೆಲಕ್ಕಿಳಿಯಿತು. ಕಾಲು ಶತಮಾನ ಹಾರಿದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು.

ಯಾರನ್ನೂ ಹೆದರಿಸಲು ಈ ಪಟ್ಟಿಯನ್ನು ಕೊಡುತ್ತಿಲ್ಲ. ಇದೇ ಅವಧಿಯಲ್ಲಿ, 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೋ ದೇಶದ ಅತಿದೊಡ್ಡ ವಿಮಾನ ಸಂಸ್ಥೆಯಾಗಿ ಬೆಳೆಯಿತು. ಏರ್ ಇಂಡಿಯಾ 2022ರ ಜನವರಿಯಲ್ಲಿ ಮತ್ತೆ ಟಾಟಾ ಸಮೂಹದ ಕೈಗೆ ಬಂದು, ಮರುವರ್ಷವೇ 470 ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅದೇ 2023ರಲ್ಲಿ ಇಂಡಿಗೋ ಒಂದೇ ಬಾರಿಗೆ 500 ವಿಮಾನಗಳನ್ನು ಕೇಳಿತು. ಆಕಾಶ ಏರ್ 2022ರ ಆಗಸ್ಟ್‌ನಲ್ಲಿ ಹುಟ್ಟಿತು. ನಮ್ಮ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳನ್ನು ಬೆಸೆದ ಸ್ಟಾರ್ ಏರ್ 2019ರಲ್ಲಿ ಆರಂಭವಾಯಿತು. ಬಾಗಿಲುಗಳು ಹೆಚ್ಚಾಗಿವೆ. ಆದರೆ ಯಾವ ಬಾಗಿಲ ಹಿಂದೆ ಗಟ್ಟಿ ಗೋಡೆಯಿದೆ ಎಂದು ಪರೀಕ್ಷಿಸುವ ಹೊಣೆ ಒಳಗೆ ಹೋಗುವವರ ಮೇಲೆ ಬಿದ್ದಿದೆ.

ಪರವಾನಿಗೆ ಬಂದರೆ ಸಾಲದು

ಇಲ್ಲಿ ಒಂದು ಸಂಗತಿಯನ್ನು ತಂದೆತಾಯಿಗಳು ಮೊದಲೇ ತಿಳಿದಿರುವುದು ಒಳಿತು. ವಾಣಿಜ್ಯ ವಿಮಾನಚಾಲಕರ ಪರವಾನಿಗೆಗೆ 18 ವರ್ಷ ತುಂಬಿರಬೇಕು. 200 ಗಂಟೆಗಳ ಹಾರಾಟವಾಗಿರಬೇಕು. ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು. ಈ 200 ಗಂಟೆಗಳು ನಡೆಯುವುದು ಪುಟ್ಟ ತರಬೇತಿ ವಿಮಾನಗಳಲ್ಲಿ. ನೂರೆಂಬತ್ತು ಜನರನ್ನು ಹೊತ್ತೊಯ್ಯುವ ವಿಮಾನಕ್ಕೆ ಈ ಪರವಾನಿಗೆಯೊಂದೇ ಸಾಲದು. ಆಯಾ ವಿಮಾನದ ಮಾದರಿಗೆ ಪ್ರತ್ಯೇಕವಾದ ತರಬೇತಿ, ಪ್ರತ್ಯೇಕವಾದ ಅನುಮತಿ ಬೇಕು. ಇದಕ್ಕೆ ‘ಟೈಪ್ ರೇಟಿಂಗ್’ ಎಂದು ಹೆಸರು. ಏರ್‌ಬಸ್ 320ಕ್ಕೆ ಪಡೆದ ಅನುಮತಿ ಬೋಯಿಂಗ್ 737ಕ್ಕೆ ನಡೆಯದು, ಎ.ಟಿ.ಆರ್. ವಿಮಾನದ್ದು ಇವೆರಡಕ್ಕೂ ನಡೆಯದು.

ಆದ್ದರಿಂದ ಹೊಸಬನು ಸಂಸ್ಥೆಯನ್ನು ಆರಿಸಿದಾಗ, ತಿಳಿದೋ ತಿಳಿಯದೆಯೋ ವಿಮಾನದ ಮಾದರಿಯನ್ನೂ ಆರಿಸಿಬಿಟ್ಟಿರುತ್ತಾನೆ. ಇಂಡಿಗೋದಲ್ಲಿ ಏರ್‌ಬಸ್ 320 ಬಳಗದ ವಿಮಾನಗಳೇ ಹೆಚ್ಚು, ಜೊತೆಗೆ ಎ.ಟಿ.ಆರ್.ಗಳೂ ಉಂಟು. ಆಕಾಶ ಏರ್‌ನಲ್ಲಿ ಇರುವುದು ಬೋಯಿಂಗ್ 737 ಮಾತ್ರ. ಸ್ಟಾರ್ ಏರ್‌ನಲ್ಲಿ ಎಂಬ್ರೇಯರ್ ವಿಮಾನಗಳು. ಸರ್ಕಾರದ ಒಡೆತನದ ಅಲಯನ್ಸ್ ಏರ್‌ನಲ್ಲಿ ಮುಖ್ಯವಾಗಿ ಎ.ಟಿ.ಆರ್.ಗಳು. ನಾಳೆ ಸಂಸ್ಥೆಗೆ ಕಷ್ಟ ಬಂದರೆ, ಹೆಚ್ಚು ಸಂಸ್ಥೆಗಳಲ್ಲಿರುವ ಮಾದರಿಯನ್ನು ಕಲಿತವನಿಗೆ ಬೇರೆಡೆ ಬೇಗ ಕೆಲಸ ಸಿಗುತ್ತದೆ. ಅಪರೂಪದ ಮಾದರಿಯನ್ನು ಕಲಿತವನು ಮತ್ತೊಮ್ಮೆ ಲಕ್ಷಗಟ್ಟಲೆ ಹಣ ಸುರಿಯಬೇಕಾದೀತು. ಹಾಗೆಂದು ಚಿಕ್ಕ ವಿಮಾನ ಕೀಳೆಂದಲ್ಲ. ಚಿಕ್ಕ ಊರುಗಳ ನಡುವೆ ಗಿಡ್ಡ ಹಾರಾಟ ಮಾಡುವವನು ದಿನಕ್ಕೆ ಹಲವು ಬಾರಿ ಏರಿಸಿ ಇಳಿಸುತ್ತಾನೆ. ಮಳೆ ಗಾಳಿಗಳಲ್ಲಿ, ಕಿರಿದಾದ ಓಡುದಾರಿಗಳಲ್ಲಿ ಕೈ ಪಳಗುತ್ತದೆ. ಹಿರಿಯ ಪೈಲಟ್‌ಗಳು ಇದನ್ನು ಒಳ್ಳೆಯ ಪಾಠಶಾಲೆಯೆಂದೇ ಬಣ್ಣಿಸುತ್ತಾರೆ.

ಮೊದಲ ಪುಟ, ಕೊನೆಯ ಪುಟ

ನಮ್ಮ ಸ್ನೇಹಿತರ ಮಗಳ ಎರಡೂ ಪತ್ರಗಳಲ್ಲಿ ಸಂಬಳದ ಮೊತ್ತ ಮೊದಲ ಪುಟದಲ್ಲಿತ್ತು. ಮನೆಯವರೆಲ್ಲ ಆ ಪುಟವನ್ನು ಎಷ್ಟು ಬಾರಿ ಓದಿದ್ದರೆಂದರೆ ಮಡಿಕೆಯಲ್ಲಿ ಕಾಗದ ಹರಿಯುವಂತಾಗಿತ್ತು. ಕೊನೆಯ ಪುಟಗಳು ಮಾತ್ರ ಹೊಸದಾಗಿಯೇ ಇದ್ದವು. ನಿಜವಾದ ಸಂಗತಿಗಳಿದ್ದುದು ಅಲ್ಲಿಯೇ.

ಮೊದಲನೆಯದು, ಆ ಸಂಬಳ ಎಂದಿನಿಂದ ಎಂಬ ಪ್ರಶ್ನೆ. ಸೇರಿದ ದಿನದಿಂದಲೇ ಪೂರ್ತಿ ಸಂಬಳ ಬರುವುದಿಲ್ಲ. ತರಗತಿಯ ಪಾಠ, ಪರೀಕ್ಷೆ, ಸಿಮ್ಯುಲೇಟರ್ ಎಂಬ ಕೃತಕ ವಿಮಾನದಲ್ಲಿ ಅಭ್ಯಾಸ, ನಂತರ ಅನುಭವಿ ಶಿಕ್ಷಕ ಕ್ಯಾಪ್ಟನ್ನರ ಪಕ್ಕದಲ್ಲಿ ಕುಳಿತು ಪ್ರಯಾಣಿಕರಿರುವ ವಿಮಾನದಲ್ಲಿ ಹಾರಾಟ, ಕೊನೆಗೆ ಒಂದು ಪರೀಕ್ಷೆ: ಇಷ್ಟೂ ಮುಗಿದ ಮೇಲೆಯೇ ಅವರು ಪೂರ್ಣಪ್ರಮಾಣದ ಸಹಚಾಲಕರು. ಅಲ್ಲಿಯವರೆಗೆ ಸಾಮಾನ್ಯವಾಗಿ ಸಿಗುವುದು ತರಬೇತಿ ಭತ್ಯೆ. ಈ ಹಾದಿ ಮುಗಿಯಲು ಎಷ್ಟು ತಿಂಗಳು ಹಿಡಿಯುವುದೆಂಬುದು ಸಂಸ್ಥೆಯ ಬಳಿ ಶಿಕ್ಷಕರೆಷ್ಟು, ವಿಮಾನಗಳೆಷ್ಟು ಎಂಬುದನ್ನು ಅವಲಂಬಿಸಿದೆ. ಬೋಯಿಂಗ್ ಕಾರ್ಖಾನೆಯಿಂದ ವಿಮಾನಗಳು ಬರುವುದು ತಡವಾದಾಗ, ಮುಂಚಿತವಾಗಿ ನೇಮಕಗೊಂಡಿದ್ದ ಆಕಾಶ ಏರ್‌ನ ಹಲವು ಪೈಲಟ್‌ಗಳು ಹಾರಾಟಕ್ಕಾಗಿ ಕಾಯಬೇಕಾಯಿತು. ಎಂಜಿನ್ ದೋಷದಿಂದ 2023 ಮತ್ತು 2024ರಲ್ಲಿ ಇಂಡಿಗೋದ ಹತ್ತಾರು ವಿಮಾನಗಳು ನೆಲದ ಮೇಲೆ ನಿಂತಿದ್ದವು. ಸಂಸ್ಥೆ ಎಷ್ಟು ವಿಮಾನಗಳಿಗೆ ಬೇಡಿಕೆಯಿಟ್ಟಿದೆ ಎಂಬ ಪತ್ರಿಕಾ ಸುದ್ದಿಗಿಂತ, ಇಂದು ಎಷ್ಟು ಹಾರುತ್ತಿವೆ ಎಂಬುದು ಹೊಸಬನಿಗೆ ಮುಖ್ಯ.

ಎರಡನೆಯದು, ಸಂಬಳ ಎಷ್ಟು ಗಂಟೆಗಳಿಗೆ ಎಂಬ ಪ್ರಶ್ನೆ. ಪೈಲಟ್‌ಗಳ ಸಂಬಳದಲ್ಲಿ ಒಂದು ಭಾಗ ಖಾತರಿ, ಇನ್ನೊಂದು ಭಾಗ ಹಾರಿದ ಗಂಟೆಗಳ ಲೆಕ್ಕ. ತಿಂಗಳಿಗೆ ಇಂತಿಷ್ಟು ಗಂಟೆಗಳ ಹಣ, ಹಾರಲಿ ಬಿಡಲಿ, ಕೊಟ್ಟೇ ಕೊಡುತ್ತೇವೆ ಎಂಬುದೇ ಖಾತರಿ. ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದೊಂದಿಗೆ ಒಂದಾಗುವ ಮುನ್ನ, 2024ರ ಆರಂಭದಲ್ಲಿ, ಈ ಖಾತರಿಯನ್ನು 70 ಗಂಟೆಯಿಂದ 40 ಗಂಟೆಗೆ ಇಳಿಸಲು ಹೊರಟಿತು. ಪೈಲಟ್‌ಗಳ ಅಸಮಾಧಾನ ಎಷ್ಟಾಯಿತೆಂದರೆ ಆ ವರ್ಷದ ಏಪ್ರಿಲ್ ಹೊತ್ತಿಗೆ ಹಾರಾಟಗಳನ್ನು ಕಡಿತಗೊಳಿಸಬೇಕಾಯಿತು. ಒಂದು ಗಂಟೆಗೆ ಎಷ್ಟೆಂಬುದನ್ನು ಎಲ್ಲರೂ ಕೇಳುತ್ತಾರೆ. ಎಷ್ಟು ಗಂಟೆಗೆ ಖಾತರಿ ಎಂಬುದನ್ನು ಕೇಳುವವರು ವಿರಳ.

ಮೂರನೆಯದು ಬಾಂಡ್. ತರಬೇತಿಗೆ ಹಣ ಹಾಕಿದ ಸಂಸ್ಥೆ, ಇಂತಿಷ್ಟು ವರ್ಷ ನಮ್ಮಲ್ಲಿಯೇ ಇರಬೇಕು, ಬಿಟ್ಟರೆ ಇಂತಿಷ್ಟು ಲಕ್ಷ ಕೊಡಬೇಕು ಎಂದು ಬರೆಸಿಕೊಳ್ಳುವುದುಂಟು. ಕೆಲವೆಡೆ ತರಬೇತಿಯ ಖರ್ಚನ್ನು ಅಭ್ಯರ್ಥಿಯೇ ಕೊಟ್ಟು, ಅದರ ಮೇಲೆ ಬಾಂಡನ್ನೂ ಬರೆಯಬೇಕಾಗುತ್ತದೆ. ಬಾಂಡ್ ಎಂದೊಡನೆ ಹಿಂಜರಿಯಬೇಕಾಗಿಲ್ಲ. ಅದರ ಅವಧಿ ಸೇರಿದ ದಿನದಿಂದ ಎಣಿಕೆಯಾಗುತ್ತದೆಯೋ ತರಬೇತಿ ಮುಗಿದ ದಿನದಿಂದಲೋ, ವರ್ಷ ಕಳೆದಂತೆ ಮೊತ್ತ ಇಳಿಯುತ್ತದೆಯೋ ಇಲ್ಲವೋ, ಜಾಮೀನು ಯಾರದು ಎಂಬುದನ್ನು ನೋಡಬೇಕು. ತಂದೆ ಜಾಮೀನು ಹಾಕುವುದಾದರೆ ಅದು ಹೊಲದ ಮೇಲೆ ಬೀಳುವ ಎರಡನೆಯ ಭಾರ.

ನಾಲ್ಕನೆಯದು ನೋಟಿಸ್ ಅವಧಿ. ಬೇರೆ ನೌಕರಿಗಳಲ್ಲಿ ಒಂದು ತಿಂಗಳೋ ಮೂರು ತಿಂಗಳೋ ಇರುವ ಇದು ಪೈಲಟ್‌ಗಳಿಗೆ ಹಾಗಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2017ರಲ್ಲಿ ಹೊರಡಿಸಿದ ನಿಯಮದಂತೆ ಸಹಚಾಲಕರಿಗೆ ಆರು ತಿಂಗಳು, ಕ್ಯಾಪ್ಟನ್‌ಗಳಿಗೆ ಒಂದು ವರ್ಷ. 2023ರಲ್ಲಿ ನಲವತ್ತಕ್ಕೂ ಹೆಚ್ಚು ಪೈಲಟ್‌ಗಳು ಈ ಅವಧಿ ಪೂರೈಸದೆ ಹೊರಟುಹೋದರೆಂದು ಆಕಾಶ ಏರ್ ನ್ಯಾಯಾಲಯದ ಮೆಟ್ಟಿಲೇರಿತು. ಆದ್ದರಿಂದ “ಸದ್ಯ ಸೇರಿಕೊಳ್ಳಲಿ, ಹಿಡಿಸದಿದ್ದರೆ ಬಿಟ್ಟರಾಯಿತು” ಎಂಬ ಸಮಾಧಾನ ಈ ವೃತ್ತಿಯಲ್ಲಿ ನಡೆಯುವಂಥದಲ್ಲ.

ಸರದಿಯ ಬೆಲೆ

ವಿಮಾನದ ಮುಂಭಾಗದಲ್ಲಿ ಎರಡು ಆಸನಗಳು. ಬಲಗಡೆಯದು ಸಹಚಾಲಕರದು, ಎಡಗಡೆಯದು ಕ್ಯಾಪ್ಟನ್‌ರದು. ಬಲದಿಂದ ಎಡಕ್ಕೆ ಸರಿಯುವ ದಿನ ಪೈಲಟ್ ಬದುಕಿನ ದೊಡ್ಡ ದಿನ. ಸಂಬಳವೂ ಅಂದು ಬಹಳಷ್ಟು ಏರುತ್ತದೆ. ಅದಕ್ಕೆ ಬೇಕಾದ ಮೇಲ್ದರ್ಜೆಯ ಪರವಾನಿಗೆಗೆ ಕಡಿಮೆಯೆಂದರೂ 1,500 ಗಂಟೆಗಳ ಹಾರಾಟ ಬೇಕು. ಸಂಸ್ಥೆಗಳು ತಮ್ಮದೇ ಆದ ಹೆಚ್ಚಿನ ಅರ್ಹತೆಗಳನ್ನು ಕೇಳುವುದೂ ಉಂಟು. ಆದರೆ ಗಂಟೆ ತುಂಬಿದರೂ ಸರದಿ ಬರಬೇಕು. ಆ ಸರದಿಯಲ್ಲಿ ಸೇರಿದ ದಿನಾಂಕಕ್ಕೆ ಬೆಲೆಯಿದೆ. ಬೆಳೆಯುತ್ತಿರುವ ಸಂಸ್ಥೆಯಲ್ಲಿ ಸರದಿ ಬೇಗ ಸರಿಯುತ್ತದೆ; ಬೆಳವಣಿಗೆ ನಿಂತಲ್ಲಿ ಹಿರಿಯರು 65 ವರ್ಷ ತುಂಬಿ ಇಳಿಯುವವರೆಗೆ ಕಿರಿಯರು ಕಾಯಬೇಕು.

ಸರದಿಯ ಪ್ರಶ್ನೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಹಳೆಯ ನಿದರ್ಶನವಿದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಹೊಸದಾಗಿ ಬರಲಿದ್ದ ಡ್ರೀಮ್‌ಲೈನರ್ ವಿಮಾನಗಳ ತರಬೇತಿ ಯಾರ ಪಾಲಿಗೆ ಎಂಬ ವಿವಾದ ಎದ್ದು, 2012ರ ಮೇ ತಿಂಗಳಿನಿಂದ 58 ದಿನ ಏರ್ ಇಂಡಿಯಾದ ಪೈಲಟ್‌ಗಳ ಒಂದು ಬಣ ಮುಷ್ಕರ ಹೂಡಿತು. ಒಂದೇ ಸಂಸ್ಥೆಯ ಇಬ್ಬರು ಸಜ್ಜನರು ಸರದಿಯ ಕಾರಣದಿಂದ ಎದುರುಬದುರಾಗಬೇಕಾಯಿತು. ಸಂಸ್ಥೆಗಳು ಒಂದಾಗುವುದು ಇಂದಿಗೂ ನಡೆದಿದೆ. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಆದ್ದರಿಂದ ಕ್ಯಾಪ್ಟನ್ ಆಗಲು ಇಷ್ಟೇ ವರ್ಷ ಎಂದು ಸಂದರ್ಶನದಲ್ಲಿ ಯಾರಾದರೂ ಹೇಳಿದರೆ ಅದನ್ನು ಆಶ್ವಾಸನೆಯೆಂದು ತಿಳಿಯದೆ ಆಸೆಯೆಂದು ತಿಳಿಯುವುದು ಲೇಸು.

ನಿದ್ದೆಯೂ ಸಂಬಳದ ಭಾಗ

ನಮ್ಮ ಸ್ನೇಹಿತರ ಪತ್ನಿ ಆ ಸಂಜೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: “ಅಣ್ಣಾರ, ರಾತ್ರಿ ಪಾಳಿ ಭಾಳ ಇರ್ತಾವೇನ್ರೀ? ಈಕಿಗೆ ನಿದ್ದಿ ಗೆಟ್ರ ಆಗಂಗಿಲ್ಲ.” ಮಗಳು ನಕ್ಕಳು. ನಾವು ನಗಲಿಲ್ಲ. ಆ ತಾಯಿ ಕೇಳಿದ್ದು ತಜ್ಞರು ಕೇಳುವ ಪ್ರಶ್ನೆಯನ್ನೇ.

ಪೈಲಟ್ ಒಂದು ವರ್ಷದಲ್ಲಿ 1,000 ಗಂಟೆಗಳಿಗಿಂತ ಹೆಚ್ಚು ಹಾರುವಂತಿಲ್ಲ. ಇದು ಹಳೆಯ ಮಿತಿ. ದಣಿವಿನ ಬಗ್ಗೆ ಬಂದ ದೂರುಗಳನ್ನು ಪರಿಶೀಲಿಸಿ, 2024ರ ಜನವರಿಯಲ್ಲಿ ಮಹಾನಿರ್ದೇಶನಾಲಯ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು; ‘ರಾತ್ರಿ’ ಎಂಬುದು ಮಧ್ಯರಾತ್ರಿ 12ರಿಂದ ಬೆಳಗಿನ 6ರವರೆಗೆ ಎಂದಾಯಿತು; ರಾತ್ರಿಯ ಪಾಳಿಯಲ್ಲಿ ಮಾಡಬಹುದಾದ ಇಳಿತಗಳು ಆರರಿಂದ ಎರಡಕ್ಕೆ ಇಳಿದವು. ಇದು 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳ ಸಿದ್ಧತೆಯಿಲ್ಲದೆ 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಗೊಳಿಸಬೇಕಾಗಿ ಬಂದುದನ್ನೂ, ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟುದನ್ನೂ ವಾಚಕರು ಮರೆತಿರಲಾರರು.

ನಿಯಮ ಎಲ್ಲರಿಗೂ ಒಂದೇ. ಆದರೆ ನಿಯಮದ ಅಂಚಿನವರೆಗೆ ದುಡಿಸಿಕೊಳ್ಳುವ ಮನೆ ಬೇರೆ, ಅಂಚಿಗೆ ಮುಂಚೆಯೇ ನಿಲ್ಲಿಸುವ ಮನೆ ಬೇರೆ. ತಿಂಗಳ ಪಾಳಿಪಟ್ಟಿ ಎಷ್ಟು ದಿನ ಮೊದಲು ಕೈಸೇರುತ್ತದೆ, ಎಷ್ಟು ಬಾರಿ ಬದಲಾಗುತ್ತದೆ, ದಣಿದಿದ್ದೇನೆಂದು ಹೇಳಿದವರನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಅಲ್ಲಿ ದುಡಿಯುತ್ತಿರುವ ಕಿರಿಯ ಸಹಚಾಲಕರಿಂದ ಕೇಳಿ ತಿಳಿಯಬೇಕು. ಇದು ಯಾವ ನೇಮಕಪತ್ರದಲ್ಲಿಯೂ ಬರೆದಿರುವುದಿಲ್ಲ. ಪೈಲಟ್‌ಗಳ ಬದುಕು ಆರೋಗ್ಯ ಪರೀಕ್ಷೆಯ ಮೇಲೆ ನಿಂತಿರುವುದರಿಂದ, ಅನಾರೋಗ್ಯದಿಂದ ಪರವಾನಿಗೆ ಹೋದರೆ ಸಿಗುವ ವಿಮೆ ಇದೆಯೇ ಎಂಬುದನ್ನೂ ಕೇಳಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಪೈಲಟ್‌ಗಳಲ್ಲಿ ಮಹಿಳೆಯರ ಪ್ರಮಾಣ ನಮ್ಮ ದೇಶದಲ್ಲಿ ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ನಮ್ಮ ಬೆಂಗಳೂರಿಗೆ ತಂದಿಳಿಸಿದರು. ಹೆರಿಗೆ ರಜೆ ಕಾನೂನಿನಿಂದಲೇ 26 ವಾರ ಉಂಟು. ಆದರೂ ಗರ್ಭಿಣಿಯಾಗಿ ಹಾರಾಟ ನಿಲ್ಲಿಸಿದ ತಿಂಗಳುಗಳಲ್ಲಿ ನೆಲದ ಕೆಲಸ ಕೊಡುತ್ತಾರೆಯೇ, ಮರಳಿದ ಮೇಲೆ ಬೇಗ ಮರುತರಬೇತಿ ಕೊಡುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಆರು ದಿನಗಳಲ್ಲಿ ನಡೆದದ್ದು

ಇಷ್ಟೆಲ್ಲ ತಿಳಿದ ಮೇಲೆ ನಾವು ಹುಡುಗಿಗೆ ಇಂಥದೇ ಆರಿಸು ಎಂದು ಹೇಳಲಿಲ್ಲ. ಒಂದು ಹಾಳೆಯನ್ನು ಕೊಟ್ಟು, ಎರಡು ಸಂಸ್ಥೆಗಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಬರೆದು ಕಳುಹಿಸಲು ಹೇಳಿದೆವು. ಸೇರಿದ ಮೇಲೆ ಪೂರ್ಣ ಸಹಚಾಲಕಳಾಗಲು ಸರಾಸರಿ ಎಷ್ಟು ತಿಂಗಳು? ಖಾತರಿ ಎಷ್ಟು ಗಂಟೆ? ಬಾಂಡ್ ಎಣಿಕೆ ಯಾವ ದಿನದಿಂದ? ನೆಲೆ ಬದಲಾಯಿಸಿಕೊಳ್ಳಲು ಯಾವಾಗ ಅವಕಾಶ? ಇದರ ಜೊತೆಗೆ ಪ್ರತಿಯೊಂದು ಸಂಸ್ಥೆಯಲ್ಲಿ ಎರಡು ವರ್ಷದೊಳಗೆ ಸೇರಿದ ಇಬ್ಬರನ್ನು ಹುಡುಕಿ ಮಾತಾಡಬೇಕೆಂದೂ ಹೇಳಿದೆವು. ತರಬೇತಿ ಶಾಲೆಯ ಹಳೆಯ ಗೆಳೆಯರ ಮೂಲಕ ಅವಳಿಗೆ ಅದು ಕಷ್ಟವಾಗಲಿಲ್ಲ.

ತಂದೆಗೆ ಚಿಕ್ಕ ಸಂಸ್ಥೆಯ ಮೇಲೆ ಒಲವು. ನೆಲೆ ಹತ್ತಿರ, ರಜೆ ಸಿಕ್ಕರೆ ರಾತ್ರಿ ಬಸ್ಸಿಗೆ ಊರು. ಮದುವೆಯ ಮಾತುಕತೆಗೂ ಅನುಕೂಲ. ತಾಯಿ, ಅಚ್ಚರಿಯೆಂಬಂತೆ, ದೂರದ ದೊಡ್ಡ ಸಂಸ್ಥೆಯ ಪರ. “ಸಾಲ ತೀರೂತನಕ ದೂರ ಇರಲಿ, ತೀರಿದ ಮ್ಯಾಲ ಹತ್ರ ಬರಲಿ” ಎಂಬುದು ಆಕೆಯ ಲೆಕ್ಕ. ಬ್ಯಾಂಕಿನ ಕಂತು ತಿಂಗಳಿಗೆ ಎಷ್ಟೆಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ದಿನ ಉತ್ತರಗಳು ಬಂದವು. ದೊಡ್ಡ ಸಂಸ್ಥೆ ಮೂರು ಪ್ರಶ್ನೆಗಳಿಗೆ ಬರೆಹದಲ್ಲಿ ಉತ್ತರಿಸಿ, ನೆಲೆಯ ಬಗ್ಗೆ ಮಾತ್ರ ಯಾವ ಭರವಸೆಯನ್ನೂ ಕೊಡಲಾಗದೆಂದು ನೇರವಾಗಿ ತಿಳಿಸಿತ್ತು. ಚಿಕ್ಕ ಸಂಸ್ಥೆಯವರು ದೂರವಾಣಿಯಲ್ಲಿ ಸೌಜನ್ಯದಿಂದ ಮಾತಾಡಿ, “ಎಲ್ಲ ಬೇಗ ಆಗುತ್ತದೆ” ಎಂದಿದ್ದರು, ಬರೆದು ಕೊಡಲಿಲ್ಲ. ಅಲ್ಲಿ ದುಡಿಯುವ ಇಬ್ಬರೂ ತಮ್ಮ ಕ್ಯಾಪ್ಟನ್‌ಗಳನ್ನು ಬಹಳ ಹೊಗಳಿದರು; ಕಲಿಯಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ ಎಂದರು. ಆದರೆ ಹಿಂದಿನ ವರ್ಷ ಎರಡು ಬಾರಿ ಸಂಬಳ ತಿಂಗಳು ತಡವಾಯಿತೆಂಬುದನ್ನು, ಕೇಳಿದ ಮೇಲೆ, ಇಬ್ಬರೂ ಬೇರೆ ಬೇರೆಯಾಗಿ ಒಪ್ಪಿಕೊಂಡರು.

ಐದನೆಯ ದಿನ ರಾತ್ರಿ ಹುಡುಗಿ ಫೋನ್ ಮಾಡಿ ಹೇಳಿದಳು: “ಕಾಕಾ, ಸಣ್ಣ ವಿಮಾನದಾಗ ಕಲಿಯೂದು ನನಗ ಆಸೆ ಐತಿ. ಆದ್ರ ಪಗಾರ ಒಂದು ತಿಂಗಳು ತಪ್ಪಿದ್ರ ಕಂತು ತಪ್ಪತೈತಿ. ಹೊಲ ನನ್ನ ಆಸೆಗೆ ಅಡಾ ಇಟ್ಟದ್ದು. ದೊಡ್ಡದಕ್ಕ ಸಹಿ ಮಾಡ್ತೀನಿ.”

ಆಕೆ ಆರಿಸಿದ್ದೇ ಸರಿ, ಎಲ್ಲರೂ ದೊಡ್ಡದನ್ನೇ ಆರಿಸಬೇಕು ಎಂದು ನಾವು ಹೇಳುವುದಿಲ್ಲ. ಸಾಲವಿಲ್ಲದ ಮನೆಯ ಮಗನಾಗಿದ್ದರೆ, ಚಿಕ್ಕ ಸಂಸ್ಥೆಯಲ್ಲಿ ಮೂರು ವರ್ಷ ಕೈ ಪಳಗಿಸಿಕೊಳ್ಳುವುದೇ ಜಾಣತನವೆನಿಸಬಹುದಿತ್ತು. ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳಬೇಕಾದವನಿಗೆ ಹತ್ತಿರದ ನೆಲೆಯೇ ದೊಡ್ಡ ಸಂಬಳ. ಒಂದೇ ಪತ್ರ ಇಬ್ಬರಿಗೆ ಬಂದರೂ ಅದರ ಅರ್ಥ ಎರಡು ಮನೆಗಳಲ್ಲಿ ಎರಡು ಬಗೆ. ಆಕೆ ಸಂಸ್ಥೆಗಳನ್ನು ತೂಗುವ ಮೊದಲು ತನ್ನ ಮನೆಯ ಭಾರವನ್ನು ತೂಗಿಕೊಂಡಳು. ನಮಗೆ ಮೆಚ್ಚುಗೆಯಾದುದು ಇದು.

ಇನ್ನೊಂದು ಸಂಗತಿಯೂ ನಮಗೆ ಮೆಚ್ಚುಗೆಯಾಯಿತು. ಚಿಕ್ಕ ಸಂಸ್ಥೆಗೆ ಆಕೆ ಉತ್ತರಿಸದೆ ಸುಮ್ಮನಿರಲಿಲ್ಲ. ಕೊಟ್ಟ ಗಡುವಿಗೆ ಒಂದು ದಿನ ಮೊದಲೇ, ತಮ್ಮ ಕರೆಗೆ ಕೃತಜ್ಞಳೆಂದೂ ಬರಲಾಗುತ್ತಿಲ್ಲವೆಂದೂ ವಿನಯದಿಂದ ಬರೆದು ತಿಳಿಸಿದಳು. ಇತ್ತೀಚೆಗೆ ಎರಡು ಕಡೆ ಒಪ್ಪಿಗೆ ಕೊಟ್ಟು, ತರಗತಿ ಆರಂಭವಾಗುವ ದಿನ ಒಂದು ಕಡೆ ಮಾಯವಾಗುವ ತರುಣರಿದ್ದಾರೆಂದು ಕೇಳುತ್ತೇವೆ. ಅವರು ಬಿಟ್ಟುಹೋದ ಆಸನಕ್ಕೆ ಎರಡು ವರ್ಷದಿಂದ ಕಾಯುತ್ತಿರುವ ಇನ್ನೊಬ್ಬ ತಂದೆಯ ಮಗನಿರುತ್ತಾನೆ. ಪೈಲಟ್‌ಗಳ ಲೋಕ ಚಿಕ್ಕದು; ಇಂದು ಬೆನ್ನು ತೋರಿಸಿದ ಸಂಸ್ಥೆಯ ಬಾಗಿಲಿಗೆ ನಾಳೆ ಮರಳಿ ಹೋಗಬೇಕಾದೀತು. ಅದಿರಲಿ, ಕೊಟ್ಟ ಮಾತಿಗೆ ನಡೆಯುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ.

ಮಗಳೀಗ ದೂರದ ನಗರದಲ್ಲಿದ್ದಾಳೆ. ತರಗತಿಯ ಪಾಠ, ಸಿಮ್ಯುಲೇಟರ್ ಅಭ್ಯಾಸ ಮುಗಿದಿವೆ. ಶಿಕ್ಷಕ ಕ್ಯಾಪ್ಟನ್ನರ ಪಕ್ಕದಲ್ಲಿ ಬಲಗಡೆಯ ಆಸನದಲ್ಲಿ ಕುಳಿತು ಹಾರುತ್ತಿದ್ದಾಳೆ. ತರಬೇತಿ ಭತ್ಯೆ ಕಡಿಮೆಯಾದರೂ ತಿಂಗಳ ಮೊದಲ ವಾರಕ್ಕೆ ತಪ್ಪದೆ ಬರುತ್ತಿದೆ. ಮೊನ್ನೆ ನಮ್ಮ ಸ್ನೇಹಿತರು ಸಿಕ್ಕಾಗ ಮಗಳ ಹಾರಾಟದ ಬಗ್ಗೆ ಏನನ್ನೂ ಹೇಳಲಿಲ್ಲ. ಜೇಬಿನಿಂದ ಬ್ಯಾಂಕಿನ ಪಾಸ್‌ಬುಕ್ ತೆಗೆದು, ಮಗಳು ತುಂಬಿದ ಮೊದಲ ಕಂತಿನ ಸಾಲನ್ನು ಬೆರಳಿಟ್ಟು ತೋರಿಸಿದರು.

ನೇಮಕಪತ್ರ ಬಂದ ಮನೆಗಳಿಗೆ ನಮ್ಮ ಅರಿಕೆ ಇಷ್ಟೇ: ಸಕ್ಕರೆ ಹಂಚಿರಿ, ಆಮೇಲೆ ದೀಪದ ಬೆಳಕಿನಲ್ಲಿ ಎಲ್ಲರೂ ಕುಳಿತು ಪತ್ರವನ್ನು ಕೊನೆಯ ಪುಟದಿಂದ ಓದಲು ಆರಂಭಿಸಿರಿ. ತಿಳಿಯದ ಸಾಲಿದ್ದರೆ ಸಹಿಗೆ ಮುಂಚೆ ಕೇಳಿರಿ, ಉತ್ತರವನ್ನು ಬರೆಹದಲ್ಲಿ ಪಡೆಯಿರಿ. ಸಹಿ ಮಾಡಿದ ಮೇಲೆ ಮಾತ್ರ ಬಿಟ್ಟುಬಂದ ಪತ್ರದ ಯೋಚನೆ ಬೇಡ. ಆಕಾಶದಲ್ಲಿ ಹಾರುವ ಮಕ್ಕಳಿಗೆ ನೆಲದ ಮೇಲಿನವರು ಕೊಡಬಹುದಾದ ದೊಡ್ಡ ಸಹಾಯವೆಂದರೆ ಹಗುರವಾದ ಮನಸ್ಸು.